ಎರಡು ಕಿವಿಯ ನಟ್ಟು

ಮಳವಳ್ಳಿಯ ವಕೀಲ ರಾಮಾನುಜ ಅಯ್ಯಂಗಾರರು ಊರು ಬಿಟ್ಟು ಹೊರಟಿದ್ದ ಬಿಳಿಯನೊಬ್ಬನಿಂದ ಎರಡು ಸೀಟಿನ ಹಳೆಯ ರೇಸು ಕಾರೊಂದನ್ನು ಕೊಂಡು, ಎತ್ತುಗಳಿಂದ ಎಳೆಸಿಕೊಂಡು ಬಂದಾಗ ಬೀದಿಯೆಲ್ಲ ನಕ್ಕಿತು. ಹೆಂಡತಿ ಯಶೋದಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವಳ ಅಣ್ಣ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಕೋರ್ಟು ಮುಗಿದೊಡನೆ ಅಯ್ಯಂಗಾರರು ಕರಿಕೋಟು ಬಿಚ್ಚಿಟ್ಟು, ಮೆಕ್ಯಾನಿಕ್ ನಯಾಜ್ ಪಾಷಾನ ಜೊತೆ ಕಾರಿನಡಿ ನುಸುಳುತ್ತಿದ್ದರು.

"ಇದೊಂದು ರಿಪೇರಿಯಾಗಲಿ ಕಣೇ, ಮದ್ದೂರಿಗೆ ಗಾಳಿ ಹಾಗೆ ಹೋಗಿಬರಬಹುದು!"

ಕಾರಿಗೆ ತಂತಿಯ ಚಕ್ರಗಳು. ಒಂದೊಂದು ಚಕ್ರವನ್ನೂ ನಡುವಿನ ಒಂದೇ ದೊಡ್ಡ ನಟ್ಟು ಹಿಡಿದಿಡುತ್ತಿತ್ತು. ಸುತ್ತಿಗೆಯಿಂದ ಹೊಡೆದು ಬಿಗಿಯಲು ಅದಕ್ಕೆ ಎರಡು ಕಿವಿ. ಒಂದು ಮಧ್ಯಾಹ್ನ ಯಶೋದಮ್ಮ, ಬಿಚ್ಚಿಟ್ಟಿದ್ದ ಆ ನಟ್ಟುಗಳಲ್ಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಿಲ ಬಾವಿಗೆ ಹಾಕಿಬಿಟ್ಟಳು. ಯುದ್ಧ ಶುರುವಾಗಿ ಇಂಗ್ಲೆಂಡಿನ ಸಾಮಾನು ಬರುವುದು ನಿಂತಿತ್ತು. ಇನ್ನು ಕಾರು ಓಡುವುದಿಲ್ಲವೆಂದು ಸಮಾಧಾನಪಟ್ಟಳು.

ಅಯ್ಯಂಗಾರರು ಮನೆಯೆಲ್ಲ ಜಾಲಾಡಿದರು. ಕೊನೆಗೆ ಪಾಷಾನೇ ದಾರಿ ಹುಡುಕಿದ.

"ಲಾರಿ ನಟ್ಟು ಒಂದದೆ ಸ್ವಾಮಿ. ಮಂಡ್ಯದಾಗೆ ಲೇತಿಗೆ ಕೊಟ್ಟು ಒಳಗೆ ತಿರುಪು ಕೊರೆಸ್ತೀನಿ. ಚಕ್ರದ ನಡುವಿನ ಗುಂಬಾನೂ ಒಸಿ ಉಜ್ಜಿದ್ರೆ ಸರಿಯಾಗಿ ಕೂತ್ಕತದೆ."

ಅರದಿಂದ ಕಬ್ಬಿಣ ಉಜ್ಜುವ ಕಿರಕಿರ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ಬಾವಿಗೆ ಪಾತಾಳಗರಡಿ ಬಿಟ್ಟರೆ ನಟ್ಟು ಸಿಕ್ಕೀತು, ಹೇಳಿಬಿಡೋಣ ಎಂದು ಯಶೋದಮ್ಮ ಬಾಗಿಲವರೆಗೆ ಹೋಗುವಳು. ಗಂಡನ ಮುಖದ ಹುರುಪು ಕಂಡು ಬಾಯಿ ಬಾರದೆ ಹಿಂದಿರುಗುವಳು.

ಕಾರು ಸಿದ್ಧವಾಯಿತು. ಅಯ್ಯಂಗಾರರು ಪಾಷಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮದ್ದೂರಿಗೆ ಹೊರಟರು. ಕಾಳಮುದ್ದನದೊಡ್ಡಿ ದಾಟುತ್ತಿದ್ದಂತೆ ಹೊಸ ನಟ್ಟು ಸಡಿಲಗೊಂಡು ಚಕ್ರ ಕಳಚಿತು. ಕಾರು ಗದ್ದೆಗೆ ಉರುಳಿತು. ಅಯ್ಯಂಗಾರರ ಮೊಣಕೈ ತರಚಿತು, ಅಷ್ಟೆ. ಪಾಷಾನ ಬಲಗಾಲು ಕಾರಿನಡಿ ಸಿಕ್ಕಿ ಮುರಿಯಿತು.

ಕೆಲವು ದಿನಗಳ ಮೇಲೆ ಪಾಷಾನ ಹೆಂಡತಿ ಹಾಜಿರಾ ಬೀ ಹಿತ್ತಿಲ ಬಾಗಿಲಿಗೆ ಬಂದಳು. ಬೈಯಲು ಬಂದಳೆಂದೇ ಯಶೋದಮ್ಮ ಹೆದರಿದಳು.

"ಅಮ್ಮಾವ್ರೇ, ನಮ್ಮೋರ ಕೆಲ್ಸ ಕೆಟ್ಟೋಯ್ತು. ನಿಮ್ಮ ಯಜಮಾನ್ರ ಜೀವಕ್ಕೇನಾರ ಆಗಿದ್ರೆ? ಮಲಗಿದ ಕಡೆನೇ ಕಣ್ಣೀರಾಕ್ತವ್ರೆ. ಮಾಪ್ ಮಾಡ್ಬುಡಿ."

ಯಶೋದಮ್ಮ ಮಜ್ಜಿಗೆಯ ಲೋಟ ತಂದು ಅವಳ ಮುಂದಿಟ್ಟಳು. "ನೀನು ಹಾಗೆಲ್ಲ ಕೇಳಬೇಡ ಕಣಮ್ಮ. ಅಸಲಿ ನಟ್ಟನ್ನ ಈ ಬಾವಿಗೆ ಹಾಕಿದವಳು ನಾನು. ಇವರಿಗೇನಾದರೂ ಆದರೆ ಅಂತ ಹೆದರಿಬಿಟ್ಟೆ."

ಹಾಜಿರಾ ಬೀ ಅವಳನ್ನೇ ನೋಡಿದಳು. "ಪಾಷಾ ಕೈ ಹಾಕಿದ ಗಾಡಿ ಹತ್ತಬ್ಯಾಡಿ ಅಂತವ್ರೆ ಬಜಾರಲ್ಲಿ. ಇದ್ನ ನಂಗ್ಯಾಕೆ ಹೇಳ್ತೀರಿ? ಆ ಬಜಾರಿನೋರ್ಗೆ ಹೇಳಿ." ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಹೊರಟುಹೋದಳು.

ಅಂದು ರಾತ್ರಿ ಯಶೋದಮ್ಮ ಗಂಡನಿಗೂ ಎಲ್ಲ ಹೇಳಿದಳು. ಮರುದಿನ ಬೆಳಗ್ಗೆ ಅವಳ ಜೊತೆ ಅಯ್ಯಂಗಾರರೂ ನಡೆದರು. ಜಟ್ಕಾ ನಿಲ್ಲುವ ಕಡೆ ಪಾಷಾನ ಮನೆ. ಗಂಡಸರ ನಡುವೆ ಎಂದೂ ದನಿಯೆತ್ತದ ಯಶೋದಮ್ಮ, ಜಟ್ಕಾದವರೆಲ್ಲ ಕೇಳುವ ಹಾಗೆ, ನಡೆದದ್ದನ್ನು ಹೇಳಿದಳು.

"ಓಗ್ಲಿ ಬುಡೀಮ್ಮ," ಎಂದ ಪಾಷಾ ಮಲಗಿದಲ್ಲಿಂದಲೇ. "ಆದ್ರೂ ದಾರಿಲಿ ಒಂದು ಕಿತ ಇಳಿದು ನಾನೇ ಬಿಗಿದು ನೋಡ್ಬೇಕಿತ್ತು."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಗಿರಾಕಿಗಳು ಮರಳಿ ಬಂದರು. ಪಾಷಾ ಮಾತ್ರ ಕುಂಟುತ್ತಲೇ ಉಳಿದ. ಸಂತೆಯಲ್ಲಿ ಎದುರಾದಾಗ ಹಾಜಿರಾ ಬೀ, "ಚೆನ್ನಾಗಿದ್ದೀರಾ ಅಮ್ಮಾವ್ರೇ?" ಎಂದು ಮೊದಲಿನಂತೆಯೇ ಕೇಳುವಳು. "ಹ್ಞೂಂ ಕಣಮ್ಮ" ಎನ್ನುವಷ್ಟರಲ್ಲಿ ಯಶೋದಮ್ಮನ ತಲೆ ತಾನಾಗಿ ಬಾಗುತ್ತಿತ್ತು.