ಎರಡನೇ ಕರಜಗಿಕರ

೧೯೯೧ರಲ್ಲಿ, ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಘಾಟ್ಕೋಪರಿನ ಕನ್ನಡ ಸಂಘದ ಕೋಣೆಯಲ್ಲಿ ನಾನು ಉಚಿತ ಕಾನೂನು ಸಲಹೆ ಕೊಡುತ್ತಿದ್ದೆ. ಬಾಗಿಲಿಗೆ ತೂಗುಹಾಕಿದ್ದ ಬೋರ್ಡಿನಲ್ಲಿ ‘ಉಚಿತ’ ಎಂಬ ಮಾತೊಂದನ್ನು ಮಾತ್ರ ನಾನು ಧೈರ್ಯವಾಗಿ ಸಮರ್ಥಿಸಬಲ್ಲವನಾಗಿದ್ದೆ. ಹಗಲಿಗೆ ವಿಮಾ ಕಚೇರಿಯ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಕೂತು ಕಾನೂನು ಓದಿದ್ದೆ, ಆದರೆ ಲೋಕಲ್ ರೈಲು ತಪ್ಪೀತೆಂದು ದಿನಾ ಕೊನೆಯ ಪಾಠದ ಕೊನೆಯ ಹತ್ತು ನಿಮಿಷ ಬಿಟ್ಟು ಓಡಿದವನು. ಯಾರೇ ಬಾಗಿಲು ದೂಡಿದರೂ, ಇವರ ಕಷ್ಟ ಆ ಹತ್ತು ನಿಮಿಷಕ್ಕೇ ಸೇರಿದ್ದಿರಬೇಕು ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆ ಶನಿವಾರ ಬಂದವರು ಖಂಡಪ್ಪ ಮತ್ತು ಅವರ ಹೆಂಡತಿ ಇಂದ್ರಾಬಾಯಿ. ಖಂಡಪ್ಪ ವಿಕ್ರೋಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿದ್ದವರು. ಕಲಬುರ್ಗಿ ಕಡೆಯ ಕರಜಗಿಯವರು, ಹರೆಯದಲ್ಲಿ ಕುಸ್ತಿ ಆಡಿದವರು, ಈಗ ಐವತ್ತೆಂಟು.

“ಸಾಹೇಬ್ರ, ನನಗ ಕ್ಯಾನ್ಸರ್ ಇಲ್ಲಂತ,” ಎಂದರು, ಏನೋ ಕಳೆದುಕೊಂಡವರ ಹಾಗೆ.

“ಸಂತೋಷ ಅಲ್ವೇ?”

“ಸಂತೋಷ ಖರೇ. ಆದ್ರ ಹದಿನಾಲ್ಕು ತಿಂಗಳು ಇತ್ತಲ್ರಿ!”

ಹದಿನಾಲ್ಕು ತಿಂಗಳ ಹಿಂದೆ ಮೂತ್ರದ ತೊಂದರೆಯೆಂದು ಇವರು ಮಾರ್ಕೆಟ್ ಹಿಂದಿನ ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಸೂಜಿ ಹಾಕಿ ಪ್ರಾಸ್ಟೇಟ್ ಗ್ರಂಥಿಯಿಂದ ಚೂರು ತೆಗೆದು, ಪರೀಕ್ಷಿಸಿ, ಕ್ಯಾನ್ಸರ್ ಎಂದರು. ದಿನಾ ನುಂಗಲು ಹೆಣ್ಣು ಹಾರ್ಮೋನಿನ ಗುಳಿಗೆ ಕೊಟ್ಟರು. ಖಂಡಪ್ಪ ನುಂಗಿದರು, ಸೊರಗುವ ಬದಲು ದುಂಡಗಾದರು. ಅನುಮಾನಗೊಂಡ ಕಾರ್ಖಾನೆಯ ಡಾಕ್ಟರು ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊಸದಾಗಿ ಚೂರು ತೆಗೆದು ನೋಡಿದರೆ, ಕ್ಯಾನ್ಸರ್ ಈಗಲೂ ಇಲ್ಲ, ಹಿಂದೆಯೂ ಇದ್ದ ಗುರುತಿಲ್ಲ.

“ಅಂಗಿ ಬಿಚ್ಚಿ ತೋರಸ್ರಿ,” ಎಂದರು ಇಂದ್ರಾಬಾಯಿ.

“ಏ, ಬ್ಯಾಡ.”

“ವಕೀಲರ ಮುಂದ ಎಂಥಾ ನಾಚಿಕಿ? ಬಿಚ್ರಿ.”

ಅವರು ಎರಡು ಗುಂಡಿ ಬಿಚ್ಚಿದರು. ನಾನು ಚಾವಣಿಯ ಫ್ಯಾನನ್ನು ನೋಡಿದೆ. “ಗರಡಿ ಮನಿಯಾಗ ತೊಡಿ ತಟ್ಟಿದ ಮನುಷಾ,” ಎಂದರು ಇಂದ್ರಾಬಾಯಿ. “ಈಗ ನೋಡ್ರಿ, ನನ್ನ ಜಂಪರು ಇವರಿಗೂ ಸರಿಹೋಗ್ತದ. ಚಾಳಿನ ಹುಡುಗರು ಖಂಡಾಬಾಯಿ ಅಂತಾರ.” ಹೇಳುವಾಗ ಆಕೆ ನಗುತ್ತಿದ್ದರು. ಖಂಡಪ್ಪನ ಬೆರಳಿಗೆ ಮಾತ್ರ ಗುಂಡಿ ಸಿಗಲಿಲ್ಲ. ಕೊನೆಗೆ ಆಕೆಯೇ ಹಾಕಿಕೊಟ್ಟರು.

ಗ್ರಾಹಕ ವೇದಿಕೆಗೆ ದೂರು ಕೊಡಬಹುದು ಎಂದೆ. ಬಾಂದ್ರಾದಲ್ಲಿ ಅದರ ಕಚೇರಿ ಇತ್ತು. ಅಲ್ಲಿ ವಕೀಲಿ ಸನ್ನದಿಲ್ಲದ ನನ್ನಂಥವನೂ ನಿಂತು ಮಾತಾಡಬಹುದಿತ್ತು. ಮೊದಲು ಹಳೇ ರಿಪೋರ್ಟು ನೋಡೋಣವೆಂದು ಬಿಡಿಸಿದೆ. ಹೆಸರಿನ ಜಾಗದಲ್ಲಿ ಒಂದೇ ಒಂದು ಪದವಿತ್ತು: ಕರಜಗಿಕರ.

“ಇದ್ಯಾರು?”

“ನಾನೇ. ಕೌಂಟರಿನಾಂವ ಸರನೇಮ್ ಕೇಳ್ದ. ನಮಗೆಲ್ಲೀದರಿ ಸರನೇಮು? ಹಂಗಾರ ಗಾವ್ ಹೇಳು ಅಂದ. ಊರ ಕರಜಗಿ ಅಂದೆ. ಅವನೇ ಬಾಲ ಹಚ್ಚಿ ಕರಜಗಿಕರ ಮಾಡ್ದ.”

ಮುಂಬಯಿಯ ಕೌಂಟರುಗಳಲ್ಲಿ ನಮ್ಮವರಿಗೆಲ್ಲ ಆಗುವುದೇ ಇದು. ನಾನು ಮುಂದಿನ ಸಾಲು ಓದಿದೆ. ವಯಸ್ಸು: ಅರವತ್ತೊಂದು.

“ನಿಮಗೆ ಐವತ್ತೆಂಟಲ್ಲವೇ?”

“ಹೌದು. ಆಗ ಐವತ್ತೇಳು.”

“ಇಲ್ಲಿ ಅರವತ್ತೊಂದು ಅಂತಿದೆ. ಆ ದಿನ ನಿಮ್ಮ ಜೊತೆ ಬೇರೆ ಯಾರಾದರೂ ಕರಜಗಿಯವರು ಹೋಗಿದ್ದರೇ?”

ಇಂದ್ರಾಬಾಯಿ ನಗುವುದನ್ನು ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡರು. “ಧರ್ಮಣ್ಣ,” ಎಂದರು.

ಸಾಲು ಕೋಣೆಗಳ ಆ ಚಾಳಿನಲ್ಲಿ ಧರ್ಮಣ್ಣ ಅವರ ಪಕ್ಕದ ಖೋಲಿಯವರು, ಒಂದೇ ಊರು. ಹೆಂಡತಿ ತೀರಿಕೊಂಡ ಮೇಲೆ ಎರಡು ಹೊತ್ತೂ ಊಟ ಇಂದ್ರಾಬಾಯಿಯ ಒಲೆಯದು. ಇಬ್ಬರಿಗೂ ಒಂದೇ ತೊಂದರೆ, ಒಬ್ಬೊಬ್ಬರೇ ಹೋಗಲು ಇಬ್ಬರಿಗೂ ನಾಚಿಕೆ. ಹಾಗಾಗಿ ಜೋಡಿಯಾಗಿ ಹೋಗಿ, ಒಂದೇ ದಿನ ಸೂಜಿ ಹಾಕಿಸಿಕೊಂಡು, ಇಬ್ಬರೂ ಕರಜಗಿಕರರಾಗಿ ಬಂದಿದ್ದರು. ಆಗ ಅರವತ್ತೊಂದಾಗಿದ್ದ ಧರ್ಮಣ್ಣನಿಗೆ ಸಿಕ್ಕ ರಿಪೋರ್ಟು ಶುದ್ಧ. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಬಡಿದಿದ್ದರು.

ದೂರಿನ ವಿಚಾರ ಅಲ್ಲಿಗೇ ಸಣ್ಣದಾಯಿತು. ಖಂಡಪ್ಪನಿಗಿಲ್ಲದ ಕ್ಯಾನ್ಸರ್ ಹದಿನಾಲ್ಕು ತಿಂಗಳಿಂದ, ಒಂದು ಗುಳಿಗೆಯೂ ಇಲ್ಲದೆ, ಪಕ್ಕದ ಖೋಲಿಯಲ್ಲಿ ಕೂತು ಇವರ ಮನೆಯ ರೊಟ್ಟಿ ತಿನ್ನುತ್ತಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಮಾರ್ಕೆಟ್ ಹಿಂದಿನ ಆಸ್ಪತ್ರೆಗೆ ಹೋದೆ. ಮ್ಯಾನೇಜರು ರಿಜಿಸ್ಟರ್ ತೆರೆದು, ನೋಡಿ, ನಾನು ಬಗ್ಗುವಷ್ಟರಲ್ಲಿ ಮುಚ್ಚಿದರು. “ಕರಜಗಿಕರ್ ಏಕ್ ಹೀ ಹೈ,” ಎಂದರು. ಇಬ್ಬರಿದ್ದರು ಎಂದು ಬರೆದುಕೊಟ್ಟರೆ ತಪ್ಪು ಒಪ್ಪಿದಂತೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಾಂದ್ರಾದಲ್ಲಿ ವಿಚಾರಿಸಿದರೆ, ಇಂದು ದೂರು ಕೊಟ್ಟರೆ ಮೊದಲ ತಾರೀಕು ಐದು ತಿಂಗಳಿಗೆ ಎಂದರು.

ಉಳಿದದ್ದು ಧರ್ಮಣ್ಣನಿಗೇ ಹೇಳುವುದು. ಖಂಡಪ್ಪ ಹೇಳಿದರು. ಮರುಶನಿವಾರ ಗಂಡಹೆಂಡತಿ ಬಂದು ವರದಿ ಒಪ್ಪಿಸಿದರು.

“ಏನಂದ್ರು?”

“ಹದಿನಾಲ್ಕು ತಿಂಗಳು ನೀ ಹೆಂಡತಿ ಕೈಲೆ ಶಿರಾ ತಿಂದಿ, ಈಗ ರೋಗ ಹೋತಂತ ನನ್ನ ತಲಿಗೆ ಕಟ್ಟಾಕ ಬಂದೇನು ಅಂದ. ನನ್ನ ರಿಪೋರ್ಟು ಗ್ವಾಡಿ ಮ್ಯಾಲ ಅದ, ಓದಿಕೋ ಅಂದ.”

“ಊಟಕ್ಕ ಬಂದಿಲ್ರಿ ಮೂರು ದಿನದಿಂದ,” ಎಂದರು ಇಂದ್ರಾಬಾಯಿ. “ಹೊಟಲ್ದಾಗ ವಡಾಪಾವ್ ತಿಂತಾನ, ಮೂಳ.”

ನಾನೇ ಹೋಗಿ ಮಾತಾಡಲೇ ಎಂದೆ. ಇಂದ್ರಾಬಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೇಡವೆಂದು ತೀರ್ಮಾನಿಸಿದರು. “ಅವ ಡಾಕ್ಟರಿಗೆ ಅಂಜಾಂವಲ್ಲ, ದೇವರಿಗೆ ಅಂಜಾಂವಲ್ಲ. ರಿಜಿಸ್ಟರ್ ಪೋಸ್ಟಿಗೆ ಒಂದಕ್ಕ ಅಂಜ್ತಾನ. ಮಿಲ್ಲಿನ ಸ್ಟ್ರೈಕಿನಾಗ ಅವನ ಕೆಲಸ ಹೋದ ಸುದ್ದಿ ಬಂದದ್ದು ಹಂಗ. ಪೋಸ್ಟ್‌ಮನ್ ಸಹಿ ಕೇಳಿದ್ರ ಇವತ್ತಿಗೂ ಟೋಪಿ ತಗದು ನಿಂದರ್ತಾನ. ಒಂದು ನೋಟೀಸು ಬರೀರಿ.”

“ಏನಂತ?”

“ಅದು ನಿಮ್ಮ ವಿದ್ಯಾ. ನನಗೇನು ಗೊತ್ತು?”

ಎರಡು ರಾತ್ರಿ ಹೊರಳಾಡಿದೆ. ರೋಗಿಯೊಬ್ಬ ಗೆಳೆಯನ ಮೇಲೆ ಹೂಡಬಹುದಾದ ದಾವೆ ನಾನು ಕೂತು ಕೇಳಿದ ಯಾವ ಪಾಠದಲ್ಲೂ ಇರಲಿಲ್ಲ. ಆದರೆ ಕೂತು ಕೇಳದ ಪಾಠಗಳೂ ಇದ್ದವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಫೀಸಿನ ಟೈಪ್‌ರೈಟರಿನಲ್ಲಿ, ಸ್ವಂತ ಕಾಗದ ಹಾಕಿ, ಎಲ್ಲರೂ ಊಟಕ್ಕೆ ಹೋದಾಗ ಹೊಡೆದೆ. ಇಂಗ್ಲಿಷಿನಲ್ಲೇ ಹೊಡೆದೆ, ಕನ್ನಡದಲ್ಲಿ ಬರೆದಿದ್ದರೆ ಅದೆಷ್ಟು ಅಸಂಬದ್ಧವೆಂದು ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಸಹಿ ಖಂಡಪ್ಪನದು. ಘಾಟ್ಕೋಪರಿನ ಅಂಚೆ ಮುದ್ರೆ ಬೇಡವೆಂದು ವಿಕ್ರೋಳಿಯಿಂದ ಕಳಿಸಿದೆ. ಅಂಚೆಚೀಟಿ ಹಚ್ಚುವಾಗ ಕಳ್ಳನೋಟು ಚಲಾಯಿಸಿದಂತೆ ಬೆವರಿದೆ.

ಒಂದು ಲೆಕ್ಕ ಮಾತ್ರ ತಪ್ಪಿತ್ತು. ಇಂಗ್ಲಿಷ್ ನೋಟೀಸು ಬಂದ ಕನ್ನಡಿಗ ಅದನ್ನು ಓದಿಸಲು ಘಾಟ್ಕೋಪರಿನಲ್ಲಿ ಎಲ್ಲಿಗೆ ಹೋಗುತ್ತಾನೆ?

ಶನಿವಾರ ಮೂರೂ ಐದಕ್ಕೆ ಧರ್ಮಣ್ಣ ಬಂದರು. ತೆಳ್ಳಗೆ, ಎತ್ತರವಾಗಿ, ಬಿಳೀ ಟೋಪಿ ಹಾಕಿದ್ದರು. ಲಕೋಟೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು.

“ಓದಿ ಹೇಳ್ರಿ.”

ಓದಿದೆ. ನನ್ನ ದನಿಯಲ್ಲಿ, ನನ್ನದೇ ವಾಕ್ಯಗಳನ್ನು, ಮೊದಲ ಸಲ ನೋಡುವವನ ಹಾಗೆ ಅಲ್ಲಲ್ಲಿ ತಡವರಿಸುತ್ತ ಕನ್ನಡಕ್ಕೆ ತಿರುಗಿಸಿದೆ. “ಖಂಡಪ್ಪನಾದ ನನಗೆ ನ್ಯಾಯವಾಗಿ ಸೇರಿದ ಆರೋಗ್ಯವನ್ನು ತಾವು ಹದಿನಾಲ್ಕು ತಿಂಗಳಿಂದ ಅಕ್ರಮವಾಗಿ ಸ್ವಾಧೀನದಲ್ಲಿ ಇಟ್ಟುಕೊಂಡು, ಅದರ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಸಾರ್ವಜನಿಕವಾಗಿ ಅನುಭವಿಸುತ್ತಿದ್ದೀರಿ. ನೋಟೀಸು ತಲುಪಿದ ಹದಿನೈದು ದಿನಗಳೊಳಗೆ ಸದರಿ ಆರೋಗ್ಯವನ್ನು ಹಿಂದಿರುಗಿಸತಕ್ಕದ್ದು. ಅಥವಾ ಅದು ತಮ್ಮದೇ ಎಂಬುದಕ್ಕೆ ಪರೇಲಿನ ಆಸ್ಪತ್ರೆಯಿಂದ ಹೊಸ ಪುರಾವೆ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ…”

“ತಪ್ಪಿದ್ರ?”

“ಮುಂದಿನ ಕ್ರಮ ಅಂತ ಬರೆದಿದ್ದಾರೆ. ಯಾವ ಕ್ರಮ ಅಂತ ಬರೆದಿಲ್ಲ.” ಬರೆಯುವಾಗ ನನಗೂ ಹೊಳೆದಿರಲಿಲ್ಲ.

“ಕಾಯ್ದೆ ಪ್ರಕಾರ ಇದಕ್ಕ ಏನು ಉತ್ತರ ಕೊಡಬೇಕು?”

ಈಗ ಎರಡು ಕಡೆಗೂ ನಾನೇ. ಪರೇಲಿಗೆ ಹೋಗಿ ಪರೀಕ್ಷೆ ಮಾಡಿಸಿ, ಅದೊಂದೇ ಉತ್ತರ ಎಂದು ಹೇಳಿದರೆ ಕೆಲಸ ಮುಗಿಯುತ್ತಿತ್ತು. ಹಾಗೇ ಹೇಳಿದೆ ಕೂಡ. ಆದರೆ ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ನನ್ನ ಮಾತನ್ನು ಪಾಠದ ಹುಡುಗನಂತೆ ಕೇಳುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

“ಧರ್ಮಣ್ಣನವರೇ, ಕ್ಷಮಿಸಿ. ಈ ನೋಟೀಸು ಬರೆದವನು ನಾನೇ. ಇದು ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.”

“ಗೊತ್ತದರಿ.”

“ಗೊತ್ತೇ?”

“ಖಂಡ್ಯಾ ಆರೋಗ್ಯ ಅನ್ನೋ ಮಾತು ಜನ್ಮದಾಗ ಆಡಿದಾಂವಲ್ಲ. ಟಪಾಲು ಬಂದ ದಿನಾನೇ ಚಾಳಿನ ಕೆಳಗಿನ ಗುಜರಾತಿ ಅಂಗಡ್ಯಾಂವನ ಕಡೆ ಓದಿಸೀನಿ. ಅವ ನಕ್ಕು ನಕ್ಕು ಅಂಗಡಿ ಬಾಗಲಾ ಹಾಕ್ದ.”

“ಮತ್ತೆ ಇಲ್ಲಿಗ್ಯಾಕೆ ಬಂದಿರಿ?”

ಧರ್ಮಣ್ಣ ಬಾಗಿಲ ಕಡೆ ನೋಡಿದರು. ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು. “ನಾಲ್ಕು ತಿಂಗಳಾತು, ಉಚ್ಚಿಯೊಳಗ ರಕ್ತ ಬರ್ತದ. ಯಾರಿಗೆ ಹೇಳಲಿ? ವರ್ಷದ ಮ್ಯಾಲಾತು, ಚಾಳಿನ ಮಂದಿ ಮುಂದ ಎದಿ ಬಡ್ಕೊಂಡು ಹೇಳೀನಿ, ನಂದು ಶುದ್ಧ, ಖಂಡ್ಯಾಂದು ಕೆಟ್ಟದ ಅಂತ. ಆ ಬಾಯಿಲೆ ಈಗ ದವಾಖಾನಿಗೆ ಹೋಗ್ತೀನಿ ಅಂತ ಹೆಂಗ ಹೇಳಲಿ? ಆದ್ರ ಕೇಸಿನ ಸಲುವಾಗಿ ಹೋಗ್ತೀನಿ ಅಂದ್ರ ಯಾರೂ ನಗೂದಿಲ್ಲ. ನೋಟೀಸು ನಿಂದ್ರತದೋ ಇಲ್ಲೋ, ನೀವೊಮ್ಮೆ ಬಾಯಿಬಿಟ್ಟು ಹೋಗು ಅನ್ನಬೇಕಾಗಿತ್ತು. ಅಂದ್ರಿ.”

ಟೋಪಿ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, ಚಾಳಿನವರಿಗೆಲ್ಲ ಕೇಳಿಸಬೇಕೆಂಬಂತೆ ಗಟ್ಟಿಯಾಗಿ, “ನೋಡೇಬಿಡ್ತೀನಿ ಆ ಪೈಲ್ವಾನನ್ನ!” ಎಂದು ಕೂಗಿ ಹೋದರು. ಚಾಳು ಅಲ್ಲಿಂದ ಅರ್ಧ ಮೈಲಿ ದೂರವಿತ್ತು.

ಸೋಮವಾರ ಬೆಳಗಿನ ಲೋಕಲ್ಲಿನಲ್ಲಿ ಧರ್ಮಣ್ಣ ಪರೇಲಿಗೆ ಹೊರಟರು. ಎದುರು ಪಕ್ಷದವನು ಪುರಾವೆ ತಿದ್ದದಂತೆ ಕಾಯಲು ಖಂಡಪ್ಪ ಅದೇ ಬೋಗಿಯಲ್ಲಿ ಹೊರಟರು. ಸಾಕ್ಷಿಯಾಗಿ ಇಂದ್ರಾಬಾಯಿ, ಮೂವರಿಗಾಗುವಷ್ಟು ರೊಟ್ಟಿ ಕಟ್ಟಿಕೊಂಡು. ಮುಂದಿನ ಎರಡು ವಾರ ನಾನು ಆಫೀಸಿನಲ್ಲಿ ಪಾಲಿಸಿ ಸಂಖ್ಯೆಗಳನ್ನೆಲ್ಲ ತಪ್ಪು ತಪ್ಪಾಗಿ ಬರೆದೆ. ನಾಲ್ಕು ತಿಂಗಳ ರಕ್ತ ಎಂದರೆ ತಡವಾಯಿತೇ? ಮೊದಲ ಶನಿವಾರವೇ ಹೋಗಿ ಕಾಲು ಹಿಡಿದಿದ್ದರೆ ಎರಡು ವಾರವಾದರೂ ಉಳಿಯುತ್ತಿತ್ತಲ್ಲವೇ? ನೋಟೀಸಿನ ಬದಲು ಅಳಬೇಕಿತ್ತೇ?

ಅದಾದ ಮೂರನೇ ಶನಿವಾರ ಮೂವರೂ ಒಟ್ಟಿಗೆ ಬಂದರು. ಯಾರೂ ಕೂರಲಿಲ್ಲ. ಧರ್ಮಣ್ಣ ಕಾಗದ ಚಾಚಿದರು. ನನ್ನ ಕನ್ನಡಕ ಮಂಜಾಯಿತು, ಒರೆಸಿ ಮತ್ತೆ ಓದಿದೆ. ಕ್ಯಾನ್ಸರ್ ಇತ್ತು. ಆದರೆ ಗ್ರಂಥಿಯೊಳಗೇ ಇತ್ತು, ಎಲುಬಿಗೆ ಹಬ್ಬಿರಲಿಲ್ಲ. ಮಂಗಳವಾರದಿಂದ ವಿಕಿರಣ ಚಿಕಿತ್ಸೆ.

“ಡಾಕ್ಟರ್ ಅಂದ್ರು, ಇನ್ನೊಂದು ವರ್ಷ ಬಿಟ್ಟು ಬಂದಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ ಅಂತ,” ಎಂದರು ಇಂದ್ರಾಬಾಯಿ. “ಈಗ ಇನ್ನೂ ಅದ ಅಂತ.”

ನಾನು ಕಾಗದವನ್ನು ಇನ್ನೊಮ್ಮೆ ಓದಿದೆ. ನೀರು ಬೇಕೇ ಎಂದು ಖಂಡಪ್ಪ ಕೇಳಿದರು.

“ನೀರು ಆಮ್ಯಾಲ,” ಎಂದರು ಧರ್ಮಣ್ಣ. “ಆ ದವಾಖಾನಿ ಮ್ಯಾಲ ದೂರು ಬರೀರಿ. ಬಾಂದ್ರಾಕ್ಕ ಇಬ್ರೂ ಬರ್ತೀವಿ. ಅವರ ರಿಜಿಸ್ಟರಿನಾಗ ಎಷ್ಟು ಕರಜಗಿಕರ ಅದಾರ ಅಂತ ಎಣಿಸಲಿ. ಮೊದಲ ನನ್ನ ಹೆಸರು.”

“ನಿನ್ನ ಹೆಸರು ಹೆಂಗ ಮೊದಲ?” ಖಂಡಪ್ಪ ಮೇಜಿಗೆ ಗುದ್ದಿದರು. “ಗುಳಿಗಿ ನುಂಗಿದಾಂವ ನಾನು. ಮೈ ಕೆಡಿಸಿಕೊಂಡಾಂವ ನಾನು!”

“ರೋಗ ಯಾರ್ದು? ನಂದು. ನೀ ಏನು, ನನ್ನ ರೋಗಕ್ಕ ಬಾಡಗಿಗಿದ್ದಾಂವ.”

“ನೋಡ್ರಿ ಸಾಹೇಬ್ರ! ಬರ್ಕೊಳ್ರಿ ಇದನ್ನೂ!”

“ವಯಸ್ಸಿನಲ್ಲಿ ದೊಡ್ಡವರ ಹೆಸರು ಮೊದಲು ಹಾಕುವ ಪದ್ಧತಿ ಇದೆ,” ಎಂದೆ. ಅಂಥ ಪದ್ಧತಿ ಇರಲಿಲ್ಲ.

ಖಂಡಪ್ಪ ಸ್ವಲ್ಪ ಹೊತ್ತು ಧರ್ಮಣ್ಣನ ಕಡೆ, ಆ ತೆಳ್ಳನೆಯ ಕುತ್ತಿಗೆಯ ಕಡೆ ನೋಡಿದರು. ಆಮೇಲೆ ಕುರ್ಚಿಯೊಂದನ್ನು ಎಳೆದು ಅವರ ಹಿಂದೆ ಇಟ್ಟರು. “ಹಾಕ್ರಿ ಹಂಗಾರ ಮುದುಕಂದು ಮೊದಲ,” ಎಂದರು. “ಮಂಗಳವಾರ ನನಗ ಎರಡನೇ ಪಾಳಿ. ಮುಂಜಾನೆ ಇವನ್ನ ಕರ್ಕೊಂಡು ಹೋಗಬೇಕು, ಲಗು ಬರೀರಿ.”