ನಾಲ್ಕನೆಯ ಹಾಡಿನ ನಿಶ್ಶಬ್ದ

ಕೆಂಪು ದೀಪ ಹತ್ತಿತು, ಅಂದರೆ ಇನ್ನು ಯಾರೂ ಕೆಮ್ಮಬಾರದು, ಕುರ್ಚಿ ಕಿರುಗುಟ್ಟಬಾರದು, ಸರಿಯಾಗಿ ಈಗಲೇ ಅವನಿಗೆ ಮೂಗಿನ ತುದಿ ತುರಿಸಬೇಕೆ, ಮೊದಲನೆಯ ಆಲ್ಬಮ್ಮಿನಲ್ಲೂ ಹೀಗೇ, ಆಗ ಇಪ್ಪತ್ಮೂರು, ಇದು ಏಳನೆಯದು, ಈಗ ಅರವತ್ತೊಂದು, ಕೂದಲು ಹೋಯಿತು, ಹಲ್ಲು ಹೋಯಿತು, ತುರಿಕೆ ಮಾತ್ರ ನಿಷ್ಠೆಯಿಂದ ಉಳಿದಿದೆ — ಬೇಸ್ ಗಿಟಾರಿನ ದಪ್ಪ ತಂತಿಯ ಮೇಲೆ ಬೆರಳಿಟ್ಟು ಕಾಯುತ್ತಾನೆ, ಎದುರಿಗೆ ಆಳೆತ್ತರದ ಮರದ ತಡಿಕೆ, ನಿನ್ನೆ ಇರಲಿಲ್ಲ, ಬೆಳಿಗ್ಗೆ ಬಂದು ನೋಡಿದರೆ ಇಂಜಿನಿಯರಮ್ಮ ನಿಲ್ಲಿಸಿಬಿಟ್ಟಿದ್ದಳು, ಡ್ರಮ್ಮಿನ ಸದ್ದು ಎಲ್ಲಾ ಮೈಕಿಗೂ ನುಗ್ತಾ ಇದೆ ಸಾರ್, ಅದಕ್ಕೇ ಮರೆ ಮಾಡಿದೀನಿ, ಹೆಡ್‌ಫೋನಲ್ಲಿ ನಿಮಗೆಲ್ಲಾ ಕೇಳುತ್ತಲ್ವಾ, ಕೇಳುತ್ತಮ್ಮಾ ಎಂದ, ಬಾಯಿ ತಾನಾಗಿಯೇ ಹೇಳಿತು, ಒಂಬತ್ತು ವರ್ಷದಿಂದ ಈ ಬಾಯಿಗೆ ಅದೊಂದು ಸುಳ್ಳು ಎಷ್ಟು ರೂಢಿಯಾಗಿದೆ ಎಂದರೆ ಹೇಳುವಾಗ ನಾಲಿಗೆ ತಡವರಿಸುವುದೂ ಇಲ್ಲ. ಏನು ಕೇಳುತ್ತದೆ, ಎಡಗಿವಿ ಪೂರಾ ಹೋಗಿದೆ, ಬಲಗಿವಿಯಲ್ಲಿ ಗುಡುಗು ಉಳಿದಿದೆ, ಚಿಟಿಕೆಯ ಸದ್ದು ಉಳಿದಿಲ್ಲ, ಹೆಡ್‌ಫೋನಿನಲ್ಲಿ ನಾಲ್ಕು ಜನರ ವಾದ್ಯವೂ ಸೇರಿ ಒಂದೇ ರಾಡಿ, ಮೂವತ್ತೆಂಟು ವರ್ಷ ಸ್ಪೀಕರಿನ ಪಕ್ಕದಲ್ಲೇ ನಿಂತು ಊರಿಗೆಲ್ಲ ಗುಡುಗು ಹಂಚಿದ್ದಕ್ಕೆ ಸಿಕ್ಕ ಪ್ರಸಾದ, ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು, ಗೆರೆ ಮೆಟ್ಟಿಲಿಳಿದಂತೆ ಇಳಿದು ಕಾಗದದ ಬುಡಕ್ಕೆ ಹೋಗಿ ಕೂತಿತ್ತು, ಆಚೆ ಬಂದವನೇ ಹೆಂಡತಿಗೆ ಹೇಳಿದ್ದ, ನಿನ್ನ ತಮ್ಮನಿಗೆ ಗೊತ್ತಾಗಬಾರದು, ಆಣೆ ಇಡು, ನಿಮ್ಮ ಭಂಡತನಕ್ಕೆ ನಾನ್ಯಾಕ್ರೀ ಆಣೆ ಇಡ್ಲಿ, ಏನಂದೆ ಅಂತ ಇನ್ನೊಂದ್ಸಲ ಕೇಳಿದ್ರೆ ಯಾರ ಮರ್ಯಾದೆ ಹೋಗುತ್ತೆ, ಎಂದು ಗೊಣಗಿ ಗೊಣಗಿ ಕೊನೆಗೆ ಇವನ ತಲೆ ಮೇಲೆ ಕೈಯಿಟ್ಟಳು, ಇಟ್ಟ ಕೈ ಬೇಗ ತೆಗೆಯಲಿಲ್ಲ.

ಹೆಂಡತಿಯ ತಮ್ಮನೇ ಡ್ರಮ್ಮಿನವನು, ಭಾಮೈದ ಆಮೇಲೆ, ಗೆಳೆಯ ಮೊದಲು, ಒಂದೇ ಬೆಂಚಿನಲ್ಲಿ ಕೂತವರು, ಆದರೂ ಅಕ್ಕನ ಮದುವೆಯಾದ ಮಾರನೆಯ ದಿನದಿಂದ ಭಾವ, ನೀವು, ಬನ್ನಿ, ಕೂತ್ಕೊಳ್ಳಿ, ಎಷ್ಟು ಬೈದರೂ ಬಿಡಲಿಲ್ಲ ಕಳ್ಳ — ಹಾಡು ಶುರುವಾಗಿದೆ, ಬೆರಳು ತಮ್ಮ ಪಾಡಿಗೆ ನಡೆಯುತ್ತಿವೆ, ಇಲ್ಲಿಯವರೆಗೆ ತೊಂದರೆಯಿಲ್ಲ, ಗುಡುಗು ನೆಲದಿಂದ ಅಂಗಾಲಿಗೆ ಹತ್ತುತ್ತದೆ, ತೊಂದರೆ ಇರುವುದು ನಡುವೆ, ಎಲ್ಲರೂ ಒಟ್ಟಿಗೆ ನಿಲ್ಲಿಸಿಬಿಡುವ ಕಡೆ, ಪ್ರತಿ ಆಲ್ಬಮ್ಮಿನಲ್ಲೂ ಇವರದು ಅಂಥದ್ದೊಂದು ಹಾಡು ಇರಲೇಬೇಕು, ಗರ್ಜಿಸುತ್ತ ಗರ್ಜಿಸುತ್ತ ಥಟ್ಟನೆ ನಿಶ್ಶಬ್ದ, ಎಷ್ಟು ಹೊತ್ತು ಎಂದು ಯಾರೂ ಎಣಿಸುವುದಿಲ್ಲ, ಭಾಮೈದನಿಗೆ ಯಾವಾಗ ಮನಸ್ಸು ಬಂತೋ ಆಗ ಡ್ರಮ್ಮು, ಅದರ ಜೊತೆಗೇ ಇವನ ಬೇಸು, ಎರಡೂ ಒಂದೇ ಏಟಾಗಿ ಬೀಳಬೇಕು, ಕೂದಲೆಳೆ ಹಿಂದುಮುಂದಾದರೂ ಹಾಡು ಕೆಟ್ಟಿತು, ಮೊದಲಾದರೆ ತಾಳದ ತಟ್ಟೆಯಿಂದ ಚಿಕ್ ಎಂದೊಂದು ಸಣ್ಣ ಸೂಚನೆ ಬರುತ್ತಿತ್ತು, ಈಗ ಆ ಚಿಕ್ಕು ಇವನ ಪಾಲಿಗೆ ಇಲ್ಲ, ಆದರೆ ದೇವರು ಒಂದು ಕಿಟಕಿ ತೆರೆದಿಟ್ಟಿದ್ದ, ಭಾಮೈದನ ಬಲಗಾಲಿನ ಮಂಡಿ, ಹೊಡೆಯುವ ಮುಂಚೆ ಅದು ಮೇಲೇಳುತ್ತದೆ, ಇಷ್ಟೆತ್ತರ, ಡ್ರಮ್ಮುಗಳ ಮೇಲಿಂದ ಕಾಣುವಷ್ಟು, ಮಂಡಿ ಇಳಿಯಿತೋ ಇವನೂ ಇಳಿಯುತ್ತಾನೆ, ಒಂಬತ್ತು ವರ್ಷ, ನೂರಾರು ವೇದಿಕೆ, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಕುಡಿದದ್ದಾಯಿತು, ಈಗ ಎದುರಿಗೆ ಬರೀ ಮರದ ತಡಿಕೆ, ನಿಶ್ಶಬ್ದ ಬಂತು, ಈಗಲೋ, ಇನ್ನೊಂಚೂರೋ, ಈಗ — ಹೊಡೆದ, ಅಂಗಾಲಿಗೆ ಡ್ರಮ್ಮಿನ ಗುಡುಗು ಹತ್ತಿದ್ದು ಆಮೇಲೆ. ನಾಲ್ಕನೇ ಸಲವೂ ಕೆಟ್ಟಿತು.

ದೀಪ ಆರಿತು, ಹಾಡುವವನು ಬಾಗಿಲು ತಳ್ಳಿಕೊಂಡು ಬಂದ, ಎದುರಿಗೇ ನಿಂತು ಮಾತಾಡುತ್ತಾನೆ ಪುಣ್ಯಾತ್ಮ, ತುಟಿ ಸ್ಪಷ್ಟ, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗಾಯ್ತಲ್ಲೋ, ಏನಾಗಿದೆ ನಿನಗೆ, ಬೇಜಾರು ಮಾಡ್ಕೋಬೇಡ, ಇದೊಂದು ಹಾಡಿಗೆ ಬೇರೆ ಯಾರನ್ನಾದ್ರೂ ಕರೆಸೋಣ, ಇಂಜಿನಿಯರಮ್ಮನಿಗೆ ಒಬ್ಬ ಗೊತ್ತಂತೆ, ಆಲ್ಬಮ್ ಮೇಲೆ ನಿನ್ನ ಹೆಸರೇ ಇರುತ್ತೆ — ನನ್ನ ಹೆಸರು, ಇನ್ನೊಬ್ಬನ ಬೆರಳು, ಇದೊಂದು ಹಾಡು ಎನ್ನುತ್ತಾರೆ, ನಾಳೆ ಐದನೆಯದು, ನಾಡಿದ್ದು ಇಡೀ ಆಲ್ಬಮ್ಮು, ಹೇಳಿಬಿಡಲೇ, ನನಗೆ ಕೇಳಿಸುವುದಿಲ್ಲ ಕಣ್ರೋ, ಮೂರು ಪದ, ಗಂಟಲಿನವರೆಗೆ ಬಂದವು, ಹೇಳಿದರೆ ಮರುಕ್ಷಣದಿಂದ ಇವರೆಲ್ಲ ಜೋರಾಗಿ, ಬಿಡಿಸಿ ಬಿಡಿಸಿ, ಮಗುವಿಗೆ ಹೇಳುವಂತೆ ಮಾತಾಡತೊಡಗುತ್ತಾರೆ, ಅದಕ್ಕಿಂತ — ಅಷ್ಟರಲ್ಲಿ ತಡಿಕೆ ಅಲುಗಾಡಿತು, ಭಾಮೈದ ಅದನ್ನು ಎರಡೂ ಕೈಯಿಂದ ಹಿಡಿದು ನೆಲದ ಮೇಲೆ ಎಳೆಯುತ್ತಿದ್ದಾನೆ, ಕುಂಟುತ್ತ ಎಳೆಯುತ್ತಿದ್ದಾನೆ, ಇಂಜಿನಿಯರಮ್ಮ ಓಡಿಬಂದಳು, ಅಯ್ಯೋ ಸಾರ್ ಸದ್ದು ನುಗ್ಗುತ್ತೆ, ನುಗ್ಗಲಿ ಬಿಡಮ್ಮಾ, ಮೂವತ್ತೆಂಟು ವರ್ಷದಿಂದ ನುಗ್ತಾನೇ ಇದೆ, ಅದೂ ಅಲ್ದೆ ಸಾರ್ ನೀವು ಕಾಲು ಅಷ್ಟೆತ್ತರ ಯಾಕೆ ಎತ್ತೋದು, ಧೊಪ್ ಅಂತ ಪೆಡಲ್ ಸದ್ದು ಬೇರೆ ಬರುತ್ತೆ, ಹಿಮ್ಮಡಿ ಊರಿ ಹೊಡೆದ್ರೆ ಸಾಕಲ್ವಾ, ಮಂಡಿ ಆಪರೇಷನ್ ಬೇರೆ ಆಗಿದೆ ಅಂತೀರಿ. ಭಾಮೈದ ಅವಳ ಕಡೆ ತಿರುಗಲಿಲ್ಲ, ಇವನ ಕಡೆಯೇ ಮುಖ ಮಾಡಿ, ನಿಧಾನವಾಗಿ, ತುಟಿ ಪೂರ್ತಿ ತೆರೆದು ಹೇಳಿದ, ಭಾವನಿಗೆ ಕಾಣಬೇಕಲ್ಲಮ್ಮಾ.

ಭಾವನಿಗೆ ಕಾಣಬೇಕಲ್ಲ — ಉಳಿದವರು ಏನಂದರೋ, ಅವನು ಭಾಮೈದನದಲ್ಲದೆ ಬೇರೆ ಯಾರ ತುಟಿಯನ್ನೂ ನೋಡುತ್ತಿರಲಿಲ್ಲ, ಅಕ್ಕ ಹೇಳಿದ್ದಲ್ಲ ಭಾವ, ಅವಳನ್ನ ಬೈಬೇಡಿ, ನಾನೇ ಕಂಡ್ಕೊಂಡೆ, ಎನ್ನುತ್ತಿದ್ದಾನೆ, ಮೀಸೆಯಿಲ್ಲದ ಬೋಳು ತುಟಿ, ಆ ಪೊದೆ ಮೀಸೆ ಯಾಕೋ ಬೋಳಿಸಿದೆ ಎಂದು ಕೇಳಿದಾಗ ಸೆಕೆ ಭಾವ ಎಂದಿದ್ದ, ಯಾವ ವರ್ಷ ಅದು, ಡಾಕ್ಟರು ಗೆರೆ ಎಳೆದ ವರ್ಷ, ಮಂಡಿ ಎತ್ತಲು ಶುರುಮಾಡಿದ್ದೂ ಅದೇ ವರ್ಷ, ಏನೋ ಅದು ಕಂಬ ಕಂಡ ನಾಯಿಯ ಹಾಗೆ ಕಾಲೆತ್ತುತ್ತೀಯಾ ಎಂದು ನಾಲ್ಕು ಜನರೆದುರು ನಗಾಡಿದವನು ತಾನೇ, ಅವನೂ ನಕ್ಕಿದ್ದ, ಕಾರ್ಯಕ್ರಮ ಮುಗಿದ ಮೇಲೆ ವ್ಯಾನಿನಲ್ಲಿ ಮಂಡಿಗೆ ಐಸು ಕಟ್ಟಿಕೊಂಡು ಕೂತು, ಮೈ ಭಾರ ಜಾಸ್ತಿಯಾಯ್ತು ಭಾವ, ಎನ್ನುತ್ತಿದ್ದ, ಆಪರೇಷನ್ನಾಗಿ ಮೂರು ತಿಂಗಳಿಗೆ ಮತ್ತೆ ಎತ್ತಿದ, ಡಾಕ್ಟರು ಬೇಡವೆಂದರೂ ಎತ್ತಿದ, ತಾನೋ ಒಂಬತ್ತು ವರ್ಷ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ, ದಡ್ಡ, ದಡ್ಡ ಶಿಖಾಮಣಿ — ಕಣ್ಣು ಮಂಜಾಗುತ್ತಿದೆ, ಆಗಬಾರದು, ಈಗ ಇರುವುದೇ ಕಣ್ಣೊಂದು, ಅಂಗಿಯ ತೋಳಿನಿಂದ ಒರೆಸಿಕೊಂಡ, ಕಾಲು ಕೆಳಗೇ ಇಡೋ ಎಂದ, ದನಿ ಎಷ್ಟು ಜೋರಾಗಿ ಬಂತೋ ಗೊತ್ತಿಲ್ಲ, ಕೈಯಲ್ಲೇ ಸನ್ನೆ ಮಾಡೋ, ನನಗೆ ಕೇಳಿಸಲ್ಲ ಕಣೋ, ಎಲ್ಲರೆದುರಿಗೂ ಅಂದೇಬಿಟ್ಟ, ಕೈಯಲ್ಲಿ ಡ್ರಮ್ಮಿನ ಕೋಲಿರುತ್ತಲ್ಲ ಭಾವ, ಎಂದು ನಕ್ಕು ಭಾಮೈದ ಹೋಗಿ ಕೂತ, ಹಾಡುವವನು ಯಾರನ್ನೂ ಕರೆಸುವ ಮಾತೆತ್ತದೆ ಇವನ ಹೆಗಲು ಒತ್ತಿ ತನ್ನ ಜಾಗಕ್ಕೆ ಹೋದ, ದೀಪ ಹತ್ತಿತು, ಗುಡುಗು ಅಂಗಾಲಿನಿಂದ ಮೊಣಕಾಲಿಗೆ, ಸೊಂಟಕ್ಕೆ, ನಡೆಯುತ್ತಿದೆ, ನಡೆಯುತ್ತಿದೆ, ಎಲ್ಲರೂ ನಿಂತರು, ನಿಶ್ಶಬ್ದ, ಅವನಿಗೂ ಅವರಿಗೂ ಒಂದೇ ಆದ ನಿಶ್ಶಬ್ದ, ಆಚೆ ಮಂಡಿ ಎದ್ದಿತು, ಬೇಡವೆಂದರೂ ಎದ್ದಿತು, ಪ್ಯಾಂಟಿನ ಬಟ್ಟೆಯೊಳಗೆ ಸಣ್ಣಗೆ ನಡುಗುತ್ತಿದೆ, ಇಳಿಸೋ ಮಾರಾಯ, ನೋಯುತ್ತೆ, ಇಳಿಸು — ಮಂಡಿ ಮೇಲೇ ಇದೆ, ಅವನು ನೋಡುತ್ತಿದ್ದಾನೆ, ಮಂಡಿ ಮೇಲೇ ಇದೆ