ಹನ್ನೊಂದಕ್ಕೆ ಸರಿಯಾಗಿ ಉಪ್ಪು

ವಿನೋದಾ ಟೀಚರ್ ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೆ ಮುಂಬೈ ಬಳಿ ಡೊಂಬಿವಲಿಯ ಕನ್ನಡ ಸಂಘದ ಶಾಲೆಯಲ್ಲಿ, ಏಳನೇ ತರಗತಿಗೆ ಶನಿವಾರ ಒಂದು ಗಂಟೆ ಅಡುಗೆ ಹೇಳಿಕೊಡುತ್ತಿದ್ದರು. ಒಲೆ ಉರಿಸಲು ಅನುಮತಿ ಇರಲಿಲ್ಲ. ಹಾಗಾಗಿ ನೆನೆಸುವುದು, ಹೆಚ್ಚುವುದು, ತುರಿಯುವುದು, ಕಲಸುವುದು, ಇಷ್ಟೇ. ಎರಡೇ ತಿಂಗಳಲ್ಲಿ ಮಕ್ಕಳ ಟಿಫಿನ್ ಡಬ್ಬಿಗಳಲ್ಲಿ ವೇಫರ್ ಕಡಿಮೆಯಾಗಿ ಕ್ಯಾರೆಟ್ ಕಾಣಿಸಿಕೊಂಡಿದ್ದನ್ನು ಅವರು ಯಾರಿಗೂ ಹೇಳದೆ ಗಮನಿಸಿಕೊಂಡಿದ್ದರು.

ಈಗ ಆ ಗಂಟೆಗೇ ಕುತ್ತು ಬಂದಿತ್ತು. ಹೆಡ್‌ಮಾಸ್ತರ್ ಶ್ರೀಕಂಠ ಅವರಿಗೆ ಅದು ಕಂಪ್ಯೂಟರ್ ಪಾಠಕ್ಕೆ ಬೇಕಾಗಿತ್ತು. "ಗುಣಪಾಲರು ಬಂದು ನೋಡಲಿ ಮೇಡಂ. ಅವರು ಹೇಳಿದ ಹಾಗೆ ಮಾಡೋಣ," ಎಂದಿದ್ದರು. ಗುಣಪಾಲರು ಸಂಘದ ಅಧ್ಯಕ್ಷರು. ಠಾಣೆ ನಗರದಲ್ಲಿ ಎರಡು ಹೋಟೆಲು ನಡೆಸುವವರು. ಶನಿವಾರ ಹನ್ನೊಂದಕ್ಕೆ ಬರುವುದೆಂದು ನಿಶ್ಚಯವಾಯಿತು.

ಅಂದು ಹೆಸರುಬೇಳೆ ಕೋಸಂಬರಿ. ಬೋರ್ಡಿನ ಮೇಲೆ ಪ್ರತಿ ಕೆಲಸದ ಮುಂದೆ ಸಮಯ ಬರೆದಿತ್ತು. ಕೊನೆಯ ಸಾಲು: 11.00, ಉಪ್ಪು. "ಅಂದಾಜು ಬೇಡ, ಗಡಿಯಾರ ನೋಡಿ," ಎನ್ನುವುದು ಟೀಚರ ಹಳೆಯ ಪಾಠ.

ಹತ್ತೂ ಐವತ್ತಕ್ಕೆ ಗುಣಪಾಲರ ಫೋನ್ ಬಂತು. ಲೋಕಲ್ ರೈಲು ದಿವಾ ಸ್ಟೇಷನ್ನಿನಲ್ಲಿ ನಿಂತುಬಿಟ್ಟಿದೆ. ಟೀಚರ್ ಅದನ್ನು ಹೇಳಲು ಕೆಳಗೆ ಆಫೀಸಿಗೆ ಹೋದರು. ಹಿಂತಿರುಗಿದಾಗ ತರಗತಿಯ ಹುಡುಗ ಅಭಿ ಬಾಗಿಲಲ್ಲೇ ಕಾದಿದ್ದ.

"ಉಪ್ಪು ಹಾಕಿದ್ವಿ ಟೀಚರ್. ಕರೆಕ್ಟ್ ಹನ್ನೊಂದು. ಸೆಕೆಂಡ್ ಮುಳ್ಳೂ ನೋಡಿದ್ವಿ."

ಬೈಯುವುದು ಯಾರನ್ನು? ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುತ್ತದೆಂದು ಮೊದಲೇ ಹೇಳಬೇಕಾಗಿದ್ದವರು ತಾವೇ. ಹನ್ನೊಂದೂವರೆಗೆ ಪಾತ್ರೆಯಲ್ಲಿ ಬೇಳೆ ತೇಲುತ್ತಿತ್ತು. ಟೀಚರ್ ಪಾತ್ರೆಯನ್ನೆತ್ತಿ ಸಿಂಕಿನತ್ತ ನಡೆದರು.

"ಟೀಚರ್, ಮತ್ ಫೇಂಕಿಯೇ," ಎಂದಳು ಸೌಜನ್ಯ. ಮನೆಯಲ್ಲಿ ತುಳು, ಹೊರಗೆ ಹಿಂದಿ ಆಡುವ ಹುಡುಗಿ. ಕನ್ನಡಕ್ಕೆ ಸ್ವಲ್ಪ ತಡಕಾಡುತ್ತಾಳೆ. "ವಿಟಮಿನ್ ನೀರಲ್ಲಿ ಹೋಗ್ತದೆ, ಚೆಲ್ಲಬೇಡಿ ಅಂತ ನೀವೇ ಹೇಳಿದ್ದು. ಹೋದ ವಾರದ ಅವಲಕ್ಕಿ ಉಂಟಲ್ಲ?"

ಹೋದ ವಾರ ತೆಳು ಅವಲಕ್ಕಿ ಎಷ್ಟು ನೀರು ಕುಡಿಯುತ್ತದೆಂದು ತೂಗಿ ನೋಡಿದ್ದರು. ಮಿಕ್ಕಿದ್ದು ಕಪಾಟಿನ ಡಬ್ಬಿಯಲ್ಲಿತ್ತು. ಟೀಚರ ಕೈ ತಕ್ಕಡಿಯತ್ತ ಹೋಯಿತು. ಅಷ್ಟರಲ್ಲಿ ಸೌಜನ್ಯ ಒಂದು ಹಿಡಿ ಹಾಕಿ ಕಲಸಿ, ಬೆರಳಲ್ಲಿ ಒತ್ತಿ ನೋಡಿ, ಇನ್ನೊಂದು ಹಿಡಿ ಹಾಕಿದ್ದಳು. ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು. ಮೂರನೇ ಹಿಡಿಗೆ ನೀರೆಲ್ಲ ಮಾಯವಾಯಿತು. ಅಭಿ ಇನ್ನರ್ಧ ನಿಂಬೆ ಹಿಂಡಿದ.

ಗುಣಪಾಲರು ಬೆವರೊರೆಸುತ್ತ ಬಂದರು, ಹಿಂದೆಯೇ ಹೆಡ್‌ಮಾಸ್ತರು. ಗುಣಪಾಲರು ಒಂದು ಚಮಚ ತಿಂದು ತಟ್ಟೆಯನ್ನೇ ನೋಡಿದರು.

"ಎಂಥ ಟೀಚರೇ ಇದು? ಕೋಸಂಬರಿಯಾ, ಅವಲಕ್ಕಿಯಾ?"

ಟೀಚರ್ ಬಾಯಿ ತೆರೆಯುವ ಮೊದಲೇ ಸೌಜನ್ಯ ಹೇಳಿದಳು: "ಕೋಸಂಬರಿನೇ ಇತ್ತು ಅಂಕಲ್. ನೀವು ಲೇಟ್ ಬಂದ್ರಿ, ಅದು ನೀರು ಬಿಡ್ತು."

ಹೆಡ್‌ಮಾಸ್ತರು ಕೆಮ್ಮಿದರು.

"ಉಪ್ಪಿನ ಸಮಯ ನಾನೇ ತಪ್ಪಾಗಿ ಬರೆದಿದ್ದೆ," ಎಂದರು ಟೀಚರ್. "ಸರಿಮಾಡಿದ್ದು ಇವಳು."

ಗುಣಪಾಲರು ನಕ್ಕರು. "ನನ್ನ ಅಡುಗೆಯವರಾದರೆ ನೀರು ಬಸಿದು ಚೆಲ್ಲಿ, ಚಪ್ಪೆ ಕೋಸಂಬರಿ ಬಡಿಸಿ, ಸುಮ್ಮನೆ ಇರ್ತಿದ್ರು ಮಾರಾಯ್ರೆ." ತಟ್ಟೆ ಮತ್ತೆ ಮುಂದಕ್ಕೆ ಚಾಚಿದರು. "ಕಂಪ್ಯೂಟರಿಗೆ ಬೇರೆ ಗಂಟೆ ಹುಡುಕಿ ಸರ್. ಇದನ್ನು ಮುಟ್ಟುವುದು ಬೇಡ."

ಅವರು ಹೋದ ಮೇಲೆ ಟೀಚರ್ ಬೋರ್ಡಿನಿಂದ 11.00 ಅಳಿಸಿ, 'ತಿನ್ನುವವರು ಕೂತ ಮೇಲೆ' ಎಂದು ಬರೆದರು. ಅಭಿ ಪುಸ್ತಕ ತೆರೆದು ಕೂತಿದ್ದ.

"ಅವಲಕ್ಕಿ ಎಷ್ಟು ಗ್ರಾಂ ಅಂತ ಬರೀಲಿ ಟೀಚರ್?"

"ಸೌಜನ್ಯಳ ಹಿಡಿಯಲ್ಲಿ ಮೂರು ಅಂತ ಬರಿ," ಎಂದರು ಟೀಚರ್, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ. "ಹಿಡಿಯ ತೂಕ ಮುಂದಿನ ಶನಿವಾರ ನೋಡೋಣ."